‘ರಿವಲ್ಷನ್’ ಪದ ಮಕ್ಕಳಿಗೆ ನೆನಪುಳಿಯಲು

‘ರಿವಲ್ಷನ್’ ಎಂಬ ಇಂಗ್ಲಿಷ್ ಪದವನ್ನು ಮಕ್ಕಳಿಗೆ ‘ಜುಗುಪ್ಸೆ’ ಎಂದು ಬಾಯಿಪಾಠ ಮಾಡಿಸುವ ಬದಲು, ಕೈಯನ್ನು ಚಕ್ಕನೆ ಹಿಂದಕ್ಕೆ ಎಳೆದುಕೊಳ್ಳುವ ಅಭಿನಯದೊಂದಿಗೆ ಹೇಳಿಕೊಡಿ, ಮರೆಯುವುದಿಲ್ಲ. ಲ್ಯಾಟಿನ್‌ನಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ವೆಲ್ಲೆರೆ’ ಎಂದರೆ ಕೀಳು, ಎಳೆ. ಪದದ ಒಳಗೇ ಆ ಚಲನೆ ಇದೆ. ಬೆಂಗಳೂರಿನ ಮಕ್ಕಳಿಗೆ ಉದಾಹರಣೆ ಹುಡುಕಬೇಕಿಲ್ಲ: ಬೀದಿ ತಿರುವಿನಲ್ಲಿ ಕಸದ ರಾಶಿ, ಬಾಯಿ ಬಿಚ್ಚಿದ ಚೀಲ, ಅದರಲ್ಲಿ ಹಳಸಿ ನೊರೆಯೆದ್ದ ಅನ್ನ, ಮೇಲೆ ನೊಣ. ಕಾಲು ತಾನಾಗಿ ಹಿಂದೆ ಸರಿಯುತ್ತದಲ್ಲ, ಅದೇ. (ನಮ್ಮ ‘ಜುಗುಪ್ಸೆ’ಯೂ ಹೀಗೆಯೇ. ಕಾಪಾಡು ಎಂಬ ಅರ್ಥದ ಸಂಸ್ಕೃತ ಧಾತು ‘ಗುಪ್’ನಿಂದ ಬಂದದ್ದು; ತನ್ನನ್ನು ಕಾಪಾಡಿಕೊಳ್ಳುವ ಬಯಕೆ. ಎಷ್ಟು ಚೆಂದ!) ಆದರೆ ‘ರಿವೋಲ್ಟಿಂಗ್’ ಪದಕ್ಕೆ ಈ ಉಪಾಯ ನಡೆಯದು. ಅರ್ಥ ಹತ್ತಿರವಾದರೂ ಅದರ ಬೇರು ‘ವೊಲ್ವೆರೆ’, ಅಂದರೆ ಉರುಳು, ತಿರುಗು. ಅದಕ್ಕೆ ‘ಹೊಟ್ಟೆ ತೊಳಸುವುದು’ ಚೆನ್ನಾಗಿ ಹೊಂದುತ್ತದೆ. ಇನ್ನು ಹಳೆಯ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ‘ರಿವಲ್ಷನ್’ ಪದ ಸಿಕ್ಕರೂ ಹೇಸಿಗೆಯ ಅರ್ಥ ಹಿಡಿಯಬೇಡಿ. ಅಲ್ಲಿ ಅದರ ಅರ್ಥ, ದೇಹದ ಒಂದು ಭಾಗದ ರೋಗವನ್ನು ಇನ್ನೊಂದು ಭಾಗದತ್ತ ಸೆಳೆಯುವ ಚಿಕಿತ್ಸೆ.