ಅಟ್ಟದಿಂದ ಇಳಿದ ಪಾವು: ಇಳಿವಯಸ್ಸಿನಲ್ಲಿ ಕಲಿಸುವುದು, ಕಟ್ಟುವುದು, ಬರೆಯುವುದು

ಅರವತ್ತು ದಾಟಿದ ಮೇಲೆ ಏನನ್ನಾದರೂ ಸೃಷ್ಟಿಸಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಬಣ್ಣ, ಕ್ಯಾನ್ವಾಸುಗಳನ್ನು ಕೊಂಡು ತರುತ್ತಾರೆ. ನಾಲ್ಕು ದಿನ ಖಾಲಿ ಹಾಳೆಯ ಮುಂದೆ ಕುಳಿತು, ತಮಗೆ ಕಲೆ ಒಲಿಯದೆಂದು ಎದ್ದುಬಿಡುತ್ತಾರೆ. ಏನನ್ನೂ ಕೊಳ್ಳುವ ಮೊದಲು ಅಟ್ಟದ ಮೇಲಿರುವ, ಬಳಕೆ ತಪ್ಪಿದ ಒಂದೇ ಒಂದು ವಸ್ತುವನ್ನು ಕೆಳಗಿಳಿಸಿಕೊಳ್ಳಿ. ತುಕ್ಕು ಹಿಡಿದ ಬೀಗ, ಒಡೆದ ಮಂಗಳೂರು ಹೆಂಚು, ಸೈಕಲ್ ಚೈನು, ಯಾವುದಾದರೂ ಆದೀತು. ನಾನು ಆರಿಸಿಕೊಂಡದ್ದು ದವಸ ಅಳೆಯುವ, ತಳ ಸವೆದ ಹಿತ್ತಾಳೆಯ ಪಾವು.

ಮೊದಲು ಅದನ್ನಿಟ್ಟುಕೊಂಡು ಕಲಿಸಿ. ನೆರೆಹೊರೆಯ ಮೂರ್ನಾಲ್ಕು ಮಕ್ಕಳನ್ನು ಭಾನುವಾರ ಒಂದು ಗಂಟೆ ಜಗಲಿಯ ಮೇಲೆ ಕೂರಿಸಿಕೊಂಡರೆ ಸಾಕು. ನಾಲ್ಕು ಪಾವು ಸೇರಿದರೆ ಒಂದು ಸೇರೆಂದು ನಾನು ಹೇಳಿದಾಗ, ಹಾಗಾದರೆ ಒಂದು ಪಾವಿಗೆ ಎಷ್ಟು ಗ್ರಾಂ ಎಂದು ಒಬ್ಬ ಹುಡುಗಿ ಕೇಳಿದಳು. ಉತ್ತರಕ್ಕಾಗಿ ರಾಗಿಯನ್ನೂ ಅವಲಕ್ಕಿಯನ್ನೂ ಅಳೆದು ತೂಗಬೇಕಾಯಿತು. ಪಾವು ಅಳೆಯುವುದು ಜಾಗವನ್ನೇ ಹೊರತು ತೂಕವನ್ನಲ್ಲ ಎಂಬುದು ಜೀವನವಿಡೀ ಅದರಲ್ಲಿ ಅಕ್ಕಿ ಅಳೆದ ನನಗೂ ಅಂದೇ ಸ್ಪಷ್ಟವಾಯಿತು. ಆದ್ದರಿಂದ ಪಾಠ ಸಿದ್ಧಪಡಿಸಿಕೊಳ್ಳುವುದಕ್ಕಿಂತ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ಮುಖ್ಯ. ಮುಂದಿನ ಎರಡು ಕೆಲಸಗಳಿಗೂ ಬೀಜ ಅಲ್ಲಿಯೇ ಇರುತ್ತದೆ.

ಎರಡನೆಯದು ಕೈಕೆಲಸ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯದಂತೆ ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡಗಳ ಅವಶೇಷಗಳಿಂದ ಗೊಂಬೆಗಳನ್ನು ಮಾಡುತ್ತಲೇ ಹೋದರು. 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ ಅದೇ. ನಮಗೆ ಅಷ್ಟು ದೊಡ್ಡ ಜಾಗ ಬೇಕಿಲ್ಲ, ಒಂದು ಮಣೆಯಷ್ಟು ಸಾಕು. ಕಬ್ಬಿಣದ ತುಕ್ಕನ್ನು ರಾತ್ರಿಯಿಡೀ ಹುಣಸೆ ನೀರಿನಲ್ಲಿ ನೆನೆಸಿ ಉಜ್ಜಿ ತೆಗೆದು, ಕೂಡಲೇ ಒರೆಸಿ ಒಣಗಿಸಬೇಕು. ಕರಟದ ನಾರನ್ನು ಮರಳು ಕಾಗದದಿಂದ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿದರೆ ಅದರ ಕಪ್ಪು ಹೊಳಪು ಏಳುತ್ತದೆ. ಹೆಂಚಿಗೆ ತೂತು ಹಾಕುವಾಗ ಅದನ್ನು ನೆನೆಸಿ, ಡ್ರಿಲ್ಲನ್ನು ನಿಧಾನವಾಗಿ ಓಡಿಸಿ, ಇಲ್ಲವಾದರೆ ಸೀಳುತ್ತದೆ. ಭಾಗಗಳನ್ನು ಅಂಟಿನಿಂದ ಜೋಡಿಸುವುದಕ್ಕಿಂತ ತಾಮ್ರದ ತಂತಿಯಿಂದ ಬಿಗಿಯುವುದು ನನಗೆ ಹೆಚ್ಚು ಇಷ್ಟ: ತಪ್ಪಾದರೆ ಬಿಚ್ಚಬಹುದು, ನಡುಗುವ ಬೆರಳಿಗೂ ಅವಸರವಿರುವುದಿಲ್ಲ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ, ಅದರಲ್ಲಿ ಸೀಸವಿರಬಹುದು. ಆಸ್ಬೆಸ್ಟಾಸ್ ಶೀಟಿನ ಚೂರನ್ನೂ ಹಳೆಯ ಬ್ಯಾಟರಿಯನ್ನೂ ಮುಟ್ಟಲೇಬೇಡಿ. ನನ್ನ ಪಾವು ಈಗ ಕರಟದ ತಲೆ ಹೊತ್ತ ಒಬ್ಬ ಅಜ್ಜಿಯ ಮೈಯಾಗಿದೆ, ಮೊರದ ಚೂರು ಅವಳ ಸೆರಗು.

ಬರವಣಿಗೆಗೆ ಕೈ ಹಾಕುವುದು ಇದಾದ ಮೇಲೆ. ಹುಟ್ಟಿದ ಊರು, ವಂಶ, ಶಾಲೆ ಎಂದು ಆತ್ಮಕಥೆಯನ್ನು ಮೊದಲಿನಿಂದ ಆರಂಭಿಸಿದ ಬಹಳ ಮಂದಿ ಹತ್ತನೆಯ ಪುಟದಲ್ಲೇ ನಿಂತದ್ದನ್ನು ಕಂಡಿದ್ದೇನೆ. ಅದರ ಬದಲು ನೋಟ್‌ಬುಕ್ಕಿನಿಂದ ಮಗುವಿನ ಒಂದು ಪ್ರಶ್ನೆಯನ್ನು ಆರಿಸಿ, ಅದಕ್ಕೆ ಒಂದು ಪುಟದ ಉತ್ತರ ಬರೆಯಿರಿ. ಅಧ್ಯಾಪಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಓದುಗರ ಪದಪ್ರಶ್ನೆಗಳಿಗೆ ಉತ್ತರಿಸುವ ಅಂಕಣವನ್ನು ಪ್ರಜಾವಾಣಿಯಲ್ಲಿ ಆರಂಭಿಸಿದ್ದು 1991ರಲ್ಲಿ, ಎಪ್ಪತ್ತೈದು ಕಳೆದ ಮೇಲೆ. ಕೇಳುವವರು ಎದುರಿಗಿದ್ದರೆ ಬರಹಕ್ಕೆ ದಾರಿ ತಾನಾಗಿ ತೋರುತ್ತದೆ. ವಸ್ತುವನ್ನು ಮೇಜಿನ ಮೇಲಿಟ್ಟುಕೊಂಡು, ಅದರ ತೂಕ, ವಾಸನೆ, ಅದನ್ನು ಬಳಸಿದ ಕೈಗಳನ್ನು ಮೊದಲು ಬರೆಯಿರಿ, ಅಭಿಪ್ರಾಯಗಳು ಕಾಯಲಿ. ಕಣ್ಣು ಸೋತವರು ಮೊಬೈಲಿನಲ್ಲಿ ಹೇಳಿ ಬರೆಸಿಕೊಳ್ಳಬಹುದು.

ಬರೆದದ್ದನ್ನು ಮುಂದಿನ ಭಾನುವಾರ ಅದೇ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನ ಪುಟ ಮುಗಿದಾಗ ಆ ಹುಡುಗಿ, ಪಾವಿನ ತಳ ಸವೆದದ್ದು ಹೇಗೆಂದು ನೀವು ಹೇಳಲೇ ಇಲ್ಲವಲ್ಲ ಎಂದಳು. ಎರಡನೆಯ ಪುಟವನ್ನು ಅಲ್ಲಿಂದ ಬರೆಯತೊಡಗಿದೆ.