ಆಟಿಸಂ ಇರುವ ಮಕ್ಕಳ ಹೊಟ್ಟೆ ಮತ್ತು ಊಟ: ನಾನು ಕೆಲಸ ಮಾಡುವ ಕ್ರಮ

ಮಕ್ಕಳ ಆಹಾರತಜ್ಞೆಯಾದ ನನ್ನ ಬಳಿಗೆ ಆಟಿಸಂ ಇರುವ ಮಕ್ಕಳನ್ನು ಕರೆತರುವ ಹೆತ್ತವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ಗೋಧಿಯನ್ನೂ ಹಾಲನ್ನೂ ಬಿಡಿಸಬೇಕೇ ಎಂದು. ನಾನು ಮೊದಲು ಕೇಳುವುದು, ಮಗು ಕೊನೆಯ ಸಲ ಮಲವಿಸರ್ಜನೆ ಮಾಡಿದ್ದು ಯಾವಾಗ, ಅದು ಹೇಗಿತ್ತು ಎಂದು. ಈ ಪ್ರಶ್ನೆಗೆ ಕೆಲವರು ಮುಜುಗರಪಡುತ್ತಾರೆ. ಮಗು ತಾನೇ ಶೌಚಕ್ಕೆ ಹೋಗುವುದರಿಂದ ನೋಡಿಲ್ಲ ಎನ್ನುವವರೂ ಇದ್ದಾರೆ. ಹೊಟ್ಟೆಯ ಸ್ಥಿತಿ ತಿಳಿಯದೆ ಊಟಕ್ಕೆ ಕೈಹಾಕಿದರೆ ಮುಂದಿನದೆಲ್ಲ ಊಹೆಯ ಮೇಲೆ ನಡೆಯುತ್ತದೆ ಎಂಬ ಕಾರಣಕ್ಕೆ ನಾನು ಈ ಕ್ರಮವನ್ನು ಬದಲಿಸುವುದಿಲ್ಲ.

ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಆಟಿಸಂ ಇರುವ ಮಕ್ಕಳಲ್ಲಿ ಜೀರ್ಣಾಂಗದ ತೊಂದರೆ ಕಾಣಿಸಿಕೊಳ್ಳುವ ಸಂಭವ ಇತರ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ತೋರಿಸಿತು. ಮಲಬದ್ಧತೆ, ಭೇದಿ, ಹೊಟ್ಟೆನೋವು ಮೂರೂ ಆ ಲೆಕ್ಕದಲ್ಲಿವೆಯಾದರೂ ನನ್ನ ಕೆಲಸದಲ್ಲಿ ಅತಿ ಹೆಚ್ಚು ಎದುರಾಗುವುದು ಮಲಬದ್ಧತೆಯೇ. ಅದಕ್ಕೆ ಕಾರಣ ಒಂದೇ ಇರುವುದಿಲ್ಲ: ತಿನ್ನುವ ಪದಾರ್ಥಗಳು ಬೆರಳೆಣಿಕೆಯಷ್ಟಿರುತ್ತವೆ, ಕುಡಿಯುವ ನೀರು ಸಾಲದು, ಮಲ ಬರುತ್ತಿದೆ ಎಂಬ ಒಳಗಿನ ಸೂಚನೆ ಮಗುವಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಫ್ಲಶ್‌ನ ಸದ್ದಿಗೆ ಹೆದರಿ ಅದು ಶೌಚಾಲಯದೊಳಗೆ ಕಾಲಿಡುವುದಿಲ್ಲ. ಕೆಲವು ಔಷಧಿಗಳೂ ಇದಕ್ಕೆ ಸೇರಿಕೊಳ್ಳುತ್ತವೆ.

ಮಾತು ಬಾರದ ಮಗುವಿನ ಹೊಟ್ಟೆನೋವು ನಡವಳಿಕೆಯ ವೇಷದಲ್ಲಿ ಬರುತ್ತದೆ. ಒಬ್ಬ ಹುಡುಗ ಸಂಜೆಯಾಗುತ್ತಲೇ ಕುರ್ಚಿಯ ಕೈಯ ಮೇಲೆ ಹೊಟ್ಟೆ ಒತ್ತಿಕೊಂಡು ಬೋರಲು ಬೀಳುತ್ತಿದ್ದ, ಎಬ್ಬಿಸಲು ಹೋದವರನ್ನು ಕಚ್ಚುತ್ತಿದ್ದ. ಶಾಲೆಯ ವರದಿಯಲ್ಲಿ ಇದನ್ನು ಸಂವೇದನೆಗಾಗಿ ಮಾಡುವ ವರ್ತನೆ ಎಂದು ಬರೆದಿದ್ದರು. ತಾಯಿಗಿದ್ದ ಚಿಂತೆಯೇ ಬೇರೆ: "ಭೇದಿ ನಿಲ್ಲುತ್ತಲೇ ಇಲ್ಲ ಮೇಡಂ, ಚಡ್ಡಿ ದಿನವೂ ಕೊಳೆಯಾಗುತ್ತದೆ" ಎಂದು ಹೇಳಿ, ಮಲ ಗಟ್ಟಿಯಾಗಲೆಂದು ಹಣ್ಣು ತರಕಾರಿಗಳನ್ನು ನಿಲ್ಲಿಸಿಬಿಟ್ಟಿದ್ದರು. ಊಟ, ಮಲ, ನಿದ್ದೆ, ರಂಪಾಟ ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಲು ನಾನು ಹೇಳಿದೆ. ಮಲದ ಸ್ವರೂಪವನ್ನು ವರ್ಣಿಸುವ ಬದಲು ಬ್ರಿಸ್ಟಲ್ ಚಾರ್ಟ್‌ನ ಸಂಖ್ಯೆ ಹಾಕಿದರೆ ಸಾಕು. ಅದರಲ್ಲಿ 1 ಎಂದರೆ ಬಿಡಿಬಿಡಿಯಾದ ಗಟ್ಟಿ ಉಂಡೆಗಳು, 7 ಎಂದರೆ ಪೂರ್ತಿ ನೀರು. ಹಾಳೆ ತುಂಬಿದ ಮೇಲೆ ನೋಡಿದರೆ, ಕಚ್ಚಾಟವೂ ರಾತ್ರಿಯ ಎಚ್ಚರವೂ ಒಟ್ಟೊಟ್ಟಾಗಿ ಹೆಚ್ಚುತ್ತಾ ಹೋಗಿ, ದೊಡ್ಡ ಗಟ್ಟಿ ಮಲ ಹೊರಬಿದ್ದ ಮರುದಿನ ಎರಡೂ ತಗ್ಗುತ್ತಿದ್ದವು. ಮಕ್ಕಳ ವೈದ್ಯರು ಹೊಟ್ಟೆ ಮುಟ್ಟಿ ನೋಡಿದಾಗ ಗಟ್ಟಿ ಮಲ ಕೈಗೇ ಸಿಕ್ಕಿತು. ತಾಯಿ ಭೇದಿಯೆಂದು ತಿಳಿದದ್ದು, ಆ ಗಟ್ಟಿ ಮಲದ ಸುತ್ತಲಿಂದ ಜಿನುಗಿ ಬರುತ್ತಿದ್ದ ತೆಳು ಮಲವಾಗಿತ್ತು.

ಇಂಥ ಸ್ಥಿತಿಯಲ್ಲಿ ನಾರಿನಂಶ ಹೆಚ್ಚಿಸಲು ನಾನು ಆತುರಪಡುವುದಿಲ್ಲ, ಏಕೆಂದರೆ ಕಟ್ಟಿಕೊಂಡಿರುವ ಕರುಳಿಗೆ ನಾರನ್ನು ತುಂಬಿದರೆ ಉಬ್ಬರವೂ ನೋವೂ ಹೆಚ್ಚುತ್ತವೆ. ಮೊದಲು ವೈದ್ಯರು ಸಾಮಾನ್ಯವಾಗಿ ಮಲವನ್ನು ಮೆದುವಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಔಷಧಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ, ಆಮೇಲೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ಹೆತ್ತವರು ಅಭ್ಯಾಸವಾಗಿಬಿಡುತ್ತದೆಂದು ಹೆದರಿ ಔಷಧಿ ನಿಲ್ಲಿಸುವುದು ಈ ಹಂತದಲ್ಲಿಯೇ. ಬಹಳ ಕಾಲ ಎಳೆದಿಟ್ಟ ರಬ್ಬರ್ ಪಟ್ಟಿಯಂತೆ ಹಿಗ್ಗಿಹೋದ ಮಲಾಶಯಕ್ಕೆ ಮೊದಲಿನ ಬಿಗಿ ಮರಳಲು ಸಮಯ ಬೇಕೆಂದು ವಿವರಿಸಿದರೆ ಅವರು ಒಪ್ಪುತ್ತಾರೆ. ಊಟವಾದ ಅರ್ಧ ಗಂಟೆಯೊಳಗೆ ಕರುಳಿನ ಚಲನೆ ಸಹಜವಾಗಿ ಚುರುಕಾಗುವುದರಿಂದ, ಆಗ ಐದು ನಿಮಿಷ ಕೂರಿಸಬೇಕು. ಕಾಲು ಜೋತುಬೀಳದಂತೆ ಕೆಳಗೆ ಮಣೆ ಇಡಬೇಕು, ಮುಂದೇನೆಂದು ತಿಳಿಯಲು ಚಿತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು, ಫ್ಲಶ್ ಮಾಡುವುದು ಮಗು ಹೊರಗೆ ಹೋದ ಮೇಲೆ.

ನನ್ನ ಸ್ವಂತ ಕೆಲಸ ನಿಜವಾಗಿ ಆರಂಭವಾಗುವುದು ಇದಾದ ಮೇಲೆ. ಮಗು ಒಪ್ಪಿ ತಿನ್ನುವ ಪ್ರತಿಯೊಂದು ಪದಾರ್ಥವನ್ನೂ ಅದರ ಬ್ರಾಂಡ್, ಆಕಾರ, ಬಣ್ಣ, ಬಿಸಿ ಇವುಗಳ ಸಮೇತ ಬರೆಸಿಕೊಳ್ಳುತ್ತೇನೆ, ಆಮೇಲೆ ಒಂದು ಸಲಕ್ಕೆ ಒಂದೇ ಗುಣವನ್ನು ಬದಲಿಸುತ್ತೇನೆ. ಗರಿಗರಿಯಾದ ಆಲೂಗಡ್ಡೆ ಚಿಪ್ಸ್ ಬಿಟ್ಟು ಬೇರೇನನ್ನೂ ಮುಟ್ಟದ ಹುಡುಗಿಗೆ ಮೊದಲು ಅದೇ ಬಗೆಯ ಇನ್ನೊಂದು ಬ್ರಾಂಡ್, ಅನಂತರ ಮನೆಯಲ್ಲಿ ಸುಟ್ಟ ತೆಳು ಬಿಲ್ಲೆ, ಅದೇ ದಪ್ಪದ ಗೆಣಸಿನ ಬಿಲ್ಲೆ, ಕೊನೆಗೆ ಕ್ಯಾರೆಟ್ ಎಂಬಂತೆ ಸಾಗಿದೆವು. ಗೆಣಸಿನ ಬಣ್ಣ ಕಂಡದ್ದೇ ತಟ್ಟೆಯನ್ನು ತಳ್ಳಿಬಿಟ್ಟಳು. ಒಂದು ಬಿಲ್ಲೆಯನ್ನು ತಟ್ಟೆಯ ಅಂಚಿನಲ್ಲಿ ಇಟ್ಟಿರಬೇಕು, ತಿನ್ನೆಂದು ಹೇಳಬಾರದು ಎಂದಷ್ಟೇ ಮನೆಯವರಿಗೆ ತಿಳಿಸಿದೆ. ಮುಟ್ಟುವುದು, ಮೂಸುವುದು, ನೆಕ್ಕಿ ಇಡುವುದು ಎಲ್ಲವೂ ಮುನ್ನಡೆಯೇ. ಇಷ್ಟದ ತಿನಿಸಿನೊಳಗೆ ಔಷಧಿಯನ್ನೋ ತರಕಾರಿಯನ್ನೋ ಬಚ್ಚಿಡುವುದಕ್ಕೆ ಮಾತ್ರ ನಾನು ಕಡ್ಡಾಯವಾಗಿ ಬೇಡವೆನ್ನುತ್ತೇನೆ, ಏಕೆಂದರೆ ರುಚಿಯ ವ್ಯತ್ಯಾಸ ಗೊತ್ತಾದ ಕ್ಷಣದಿಂದ ಮಗು ಆ ತಿನಿಸನ್ನೇ ಬಿಟ್ಟುಬಿಡಬಹುದು. ನಾರಿನಂಶಕ್ಕೆ ನಾನು ಹಿಡಿಯುವ ಸರಳ ಲೆಕ್ಕವೆಂದರೆ ಮಗುವಿನ ವಯಸ್ಸಿಗೆ 5 ಕೂಡಿಸಿದಷ್ಟು ಗ್ರಾಂ, ಅಂದರೆ ಆರು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 11 ಗ್ರಾಂ. ದಿನವಿಡೀ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಲ್ಲಿ ಕಬ್ಬಿಣದ ಕೊರತೆಯೂ ಇರುವುದುಂಟು, ಆದ್ದರಿಂದ ರಕ್ತಪರೀಕ್ಷೆಗೆ ಸೂಚಿಸಿ ಹಾಲನ್ನು ಹಂತಹಂತವಾಗಿ ತಗ್ಗಿಸುತ್ತೇನೆ.

ಗೋಧಿ ಮತ್ತು ಹಾಲಿನ ಪ್ರಶ್ನೆಗೆ ಬಂದರೆ, ಅವುಗಳಲ್ಲಿರುವ ಗ್ಲೂಟೆನ್ ಮತ್ತು ಕೇಸೀನ್‌ಗಳನ್ನು ಬಿಡಿಸಿದರೆ ಆಟಿಸಂನ ಲಕ್ಷಣಗಳು ತಗ್ಗುತ್ತವೆ ಎಂಬುದಕ್ಕೆ ಗಟ್ಟಿಯಾದ ಆಧಾರ ಇದುವರೆಗೆ ದೊರೆತಿಲ್ಲ. 2016ರಲ್ಲಿ ಪ್ರಕಟವಾದ, ಯಾವ ತಿಂಡಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದಂತೆ ನಡೆಸಿದ ಪ್ರಯೋಗದಲ್ಲಿ ವರ್ತನೆಯಲ್ಲಾಗಲಿ ಮಲದಲ್ಲಾಗಲಿ ನಿದ್ದೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಇದ್ದದ್ದು 14 ಮಕ್ಕಳು ಮಾತ್ರ ಎಂಬುದನ್ನೂ ಹೆತ್ತವರಿಗೆ ಹೇಳುತ್ತೇನೆ. ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ, ಹಾಲಿನ ಅಲರ್ಜಿ, ಲ್ಯಾಕ್ಟೋಸ್ ಒಗ್ಗದಿರುವುದು ಇವೆಲ್ಲ ಬೇರೆಯೇ ಮಾತು. ಸೀಲಿಯಾಕ್ ಪರೀಕ್ಷೆಯನ್ನು ಗೋಧಿ ಬಿಡಿಸುವ ಮುಂಚೆಯೇ ಮಾಡಿಸಬೇಕು, ಬಿಡಿಸಿದ ಮೇಲೆ ಮಾಡಿಸಿದರೆ ಕಾಯಿಲೆಯಿದ್ದರೂ ಫಲಿತಾಂಶದಲ್ಲಿ ಕಾಣದೇ ಹೋಗಬಹುದು. ಆದರೂ ನೋಡಿಯೇ ಬಿಡುತ್ತೇವೆ ಎನ್ನುವ ಮನೆಯವರೊಡನೆ ನಾನು ಜಗಳವಾಡುವುದಿಲ್ಲ: ಒಂದು ಸಲಕ್ಕೆ ಒಂದನ್ನೇ, ಮೊದಲೇ ಗೊತ್ತುಮಾಡಿದ ಅವಧಿಗೆ, ಶಿಕ್ಷಕರಿಗೆ ತಿಳಿಸದೆ ಬಿಡಿಸಿ, ಅವರು ತಾವಾಗಿ ಬದಲಾವಣೆ ಗಮನಿಸುತ್ತಾರೆಯೇ ನೋಡಿ ಎನ್ನುತ್ತೇನೆ. ಹಾಲು ಬಿಟ್ಟ ಅವಧಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇರೆ ಮೂಲದಿಂದ ಸಿಗುವಂತೆ ಏರ್ಪಾಡು ಮಾಡುತ್ತೇನೆ. ನಾಲ್ಕೈದು ಪದಾರ್ಥಗಳಲ್ಲೇ ಬದುಕುತ್ತಿರುವ ಮಗುವಿನಿಂದ ಎರಡನ್ನು ಕಿತ್ತುಕೊಳ್ಳಲು ಮಾತ್ರ ನನ್ನ ಒಪ್ಪಿಗೆಯಿಲ್ಲ. ಕ್ಲೋರಿನ್ ಡೈಆಕ್ಸೈಡ್ ದ್ರಾವಣ ಕುಡಿಸುವವರೂ ಇದ್ದಾರೆ. ಅದು ಬಟ್ಟೆ, ಕಾಗದ ಬಿಳಿಚಿಸುವ ವಿಷ, ಚಿಕಿತ್ಸೆಯಲ್ಲ.

ನಾನು ಮುಂದುವರಿಯದೆ ಕೂಡಲೇ ವೈದ್ಯರ ಬಳಿಗೆ ಕಳುಹಿಸುವ ಸಂದರ್ಭಗಳಿವೆ. ಮಲದಲ್ಲಿ ರಕ್ತ, ಇಳಿಯುತ್ತಿರುವ ತೂಕ, ನಿಲ್ಲದ ವಾಂತಿ, ಬಿಗಿದು ಉಬ್ಬಿದ ಹೊಟ್ಟೆ ಇವು ಎಲ್ಲರಿಗೂ ಹೊಳೆಯುತ್ತವೆ. ಸುಲಭವಾಗಿ ತಪ್ಪಿಹೋಗುವುದು ಇನ್ನೊಂದು: ಹಣ್ಣು ತರಕಾರಿಯನ್ನು ಮುಟ್ಟದ ಮಗು ಇದ್ದಕ್ಕಿದ್ದಂತೆ ಕುಂಟತೊಡಗಿದರೆ, ನಡೆಯಲು ಒಪ್ಪದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ಅದು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಇರಬಹುದು. ಅಂಥ ಮಗುವನ್ನು ಕಾಲುನೋವಿನ ದೂರಿನೊಡನೆ ಮೂಳೆವೈದ್ಯರಲ್ಲಿಗೆ ಕರೆದೊಯ್ಯುವವರಿಗೆ, ಅದು ಏನು ತಿನ್ನುತ್ತದೆ ಎಂಬ ಪಟ್ಟಿಯನ್ನೂ ಜೊತೆಗೆ ಕೊಟ್ಟು ಕಳುಹಿಸುತ್ತೇನೆ.