ಹಿತ್ತಾಳೆ ಬಿಲ್ಲೆಯಿಂದ ಅಜ್ಜಿಯ ಪತ್ರದವರೆಗೆ: ಮಿಲ್ಲಿನ ಕೆಲಸಗಾರರಾಗಿದ್ದ ತಾತನ ವಂಶ ಹುಡುಕಿದ ನನ್ನ ಅನುಭವ

ನಮ್ಮ ಮನೆಯ ದೇವರ ಗೂಡಿನಲ್ಲಿ, ಅರಿಶಿನ ಕುಂಕುಮದ ಭರಣಿಗಳ ಹಿಂದೆ, ಅಂಚಿನಲ್ಲಿ ತೂತಿರುವ ಒಂದು ಹಿತ್ತಾಳೆ ಬಿಲ್ಲೆ ಬಹಳ ವರ್ಷಗಳಿಂದ ಇತ್ತು. ಅದರ ಮೇಲಿನ ನಾಲ್ಕು ಅಂಕಿಗಳಲ್ಲಿ ಕೊನೆಯದು ಸವೆದು, ಮೂರೋ ಎಂಟೋ ತಿಳಿಯದಂತಾಗಿದೆ. ತಾತ ಬಿನ್ನಿ ಮಿಲ್ಲಿನ ನೂಲುವ ಖಾತೆಯಲ್ಲಿ ದುಡಿಯುತ್ತಿದ್ದಾಗ ಪಾಳಿಗೆ ಹೋಗುವ ಮುನ್ನ ಬಾಗಿಲಲ್ಲಿ ತೋರಿಸುತ್ತಿದ್ದ ಟೋಕನ್ ಅದು ಎಂದು ಅಪ್ಪ ಹೇಳುತ್ತಿದ್ದರು. ಮಿಲ್ಲು ಬಿಟ್ಟಾಗ ಬಂದ ಪಿ.ಎಫ್. ಹಣದಿಂದ ತಾತ ಚಿಕ್ಕಪೇಟೆಯ ಒಂದು ಓಣಿಯಲ್ಲಿ ತುಂಡು ಬಟ್ಟೆಯ ಅಂಗಡಿ ಇಟ್ಟರು, ಆಮೇಲೆ ಕಬ್ಬನ್‌ಪೇಟೆಯಲ್ಲಿ ಎರಡು ಪವರ್‌ಲೂಮ್ ಹಾಕಿದರು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕಥೆ. ನಿವೃತ್ತನಾದ ಮೇಲೆ ವಂಶವೃಕ್ಷವನ್ನು ಸರಿಯಾಗಿ ಬರೆದಿಡಬೇಕೆಂದು ಕುಳಿತಾಗ ನನ್ನ ಕೈಯಲ್ಲಿದ್ದದ್ದು ಈ ಬಿಲ್ಲೆ ಮತ್ತು ಈ ಕಥೆ, ಇವೆರಡೇ.

ಮೊದಲು ಮಾಡಿದ ಕೆಲಸವೆಂದರೆ ಸೋದರತ್ತೆಯ ಮುಂದೆ ಕುಳಿತು ಅವರು ಹೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಂಡದ್ದು. ಇಸವಿ ಕೇಳಿದರೆ ಅವರಿಗೆ ನೆನಪಾಗುತ್ತಿರಲಿಲ್ಲ. ಆದರೆ "ಕಂಟ್ರೋಲ್ ಬಟ್ಟೆ ಕಾಲದಲ್ಲಾ, ಆಮೇಲಾ?" ಎಂದು ಕೇಳಿದರೆ ತಕ್ಷಣ ಹೇಳುತ್ತಿದ್ದರು. ಯುದ್ಧಕಾಲದಲ್ಲಿ, 1943ರಲ್ಲಿ, ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಸರ್ಕಾರದ ನಿಯಂತ್ರಣ ಬಂದದ್ದರಿಂದ, ಅವರ ನೆನಪುಗಳನ್ನು ಅದರ ಹಿಂದೆ ಮುಂದೆ ಜೋಡಿಸುವುದು ಸಾಧ್ಯವಾಯಿತು. ಹಿರಿಯರಿಂದ ಇಸವಿಯನ್ನು ಕೇಳಬಾರದು, ಆ ವರ್ಷ ಏನಾಯಿತೆಂದು ಕೇಳಬೇಕು ಎಂಬುದನ್ನು ನಾನು ಕಲಿತದ್ದು ಅತ್ತೆಯ ಜಗಲಿಯಲ್ಲಿ.

ಆಮೇಲೆ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ತಾತ ಎಲ್ಲಿ ದುಡಿದರೋ ಅಲ್ಲಿಯೇ ಅವರ ಗುರುತು ಸಿಗುತ್ತದೆಂದು ನಂಬಿ ಐದಾರು ತಿಂಗಳು ಮಿಲ್ಲಿನ ಕಾಗದಪತ್ರಗಳ ಬೆನ್ನು ಹತ್ತಿದೆ. 1884ರಲ್ಲಿ ಆರಂಭವಾಗಿ, ಎರಡೇ ವರ್ಷಗಳಲ್ಲಿ ಬಿನ್ನಿ ಕಂಪನಿಯ ಕೈಸೇರಿದ ಆ ಗಿರಣಿಯ ಹೆಸರು ಒಂದು ಪೇಟೆಗೇ ಅಂಟಿಕೊಂಡಿದೆ. ಆದರೆ ಅಲ್ಲಿ ಪಾಳಿಯ ಮೇಲೆ ಪಾಳಿ ದುಡಿದ ಕೂಲಿಯವರಲ್ಲಿ ಒಬ್ಬನ ಹೆಸರು ಹಿಡಿಯಲು ನನಗೆ ದಾರಿ ಸಿಗಲಿಲ್ಲ. ಕೂಲಿಯವನು ಕೆಲಸದ ಜಾಗದಲ್ಲಿ ಒಂದು ಅಂಕಿ ಮಾತ್ರ. ಅವನು ಮನೆ ಕೊಂಡಾಗ, ಸಾಲ ಮಾಡಿದಾಗ, ಅಂಗಡಿಗೆ ಬಾಡಿಗೆ ಕರಾರು ಬರೆಸಿಕೊಂಡಾಗ ತಂದೆಯ ಹೆಸರು, ಊರು, ವೃತ್ತಿಗಳ ಸಮೇತ ಕಾಗದದ ಮೇಲೆ ಪೂರ್ತಿ ಮನುಷ್ಯನಾಗಿ ಕಾಣಿಸುತ್ತಾನೆ. ಇದು ತಿಳಿದ ಮೇಲೆ ನನ್ನ ಹುಡುಕಾಟ ಮಿಲ್ಲಿನಿಂದ ಉಪನೋಂದಣಿ ಕಚೇರಿಯ ಕಡೆಗೆ ತಿರುಗಿತು.

ಇಲ್ಲಿ ಬೆಂಗಳೂರಿನ ಇತಿಹಾಸ ಸ್ವಲ್ಪ ತಿಳಿದಿರಬೇಕು. 1949ರಲ್ಲಿ ಒಂದೇ ಕಾರ್ಪೊರೇಷನ್ ಆಗುವವರೆಗೆ ಇದು ಎರಡು ಊರು. ಪೇಟೆಯ ಕಡೆ ಮಹಾರಾಜರ ಸರ್ಕಾರ, ದಂಡಿನ (ಕಂಟೋನ್ಮೆಂಟ್) ಕಡೆ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತ. ಕುಟುಂಬ ಯಾವ ಕಡೆ ವಾಸವಿತ್ತೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳದಿದ್ದರೆ ಹಳೆಯ ದಾಖಲೆಗಳನ್ನು ತಪ್ಪು ಕಡೆ ಹುಡುಕಿದಂತಾಗುತ್ತದೆ. ನಮ್ಮವರು ಅರಳೆಪೇಟೆಯವರಾದ್ದರಿಂದ ನನಗೆ ಪೇಟೆಯ ಕಡೆಯ ದಾಖಲೆಗಳು ಸಾಕಾದವು.

ನಾನು ಹೋದಾಗ ನೋಂದಣಿ ಕಚೇರಿಯಲ್ಲಿ 2004ಕ್ಕಿಂತ ಹಿಂದಿನದನ್ನು ಕಂಪ್ಯೂಟರಿನಲ್ಲಿ ಹುಡುಕಲಾಗುತ್ತಿರಲಿಲ್ಲ, ಸೂಚಿ ಪುಸ್ತಕಗಳನ್ನೇ ತಿರುವಬೇಕಿತ್ತು. ಒಂದು ಕಚೇರಿಯಲ್ಲಿ "ನಿಮಗೇನು ಹಕ್ಕು?" ಎಂದು ಕೇಳಿ ನನ್ನನ್ನು ಎರಡು ಸಲ ವಾಪಸ್ಸು ಕಳುಹಿಸಿದರು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲನ್ನೂ ಪಡೆಯಬಹುದು. ಮೂರನೆಯ ಸಲ ಈ ಕಲಮನ್ನು ಅರ್ಜಿಯಲ್ಲೇ ಬರೆದುಕೊಂಡು ಹೋದೆ, ಪುಸ್ತಕ ಮೇಜಿಗೆ ಬಂತು. ಸೂಚಿಗಳು ಎರಡು ಬಗೆ: ಒಂದು ವ್ಯಕ್ತಿಗಳ ಹೆಸರಿನಿಂದ, ಇನ್ನೊಂದು ಸ್ವತ್ತಿನಿಂದ. ಸ್ವತ್ತಿನ ಗುರುತು ಗೊತ್ತಿಲ್ಲದವನಿಗೆ ಹೆಸರಿನ ಸೂಚಿಯೇ ಗತಿ, ಆದರೆ ಹೆಸರೆಂಬುದು ನಮ್ಮಲ್ಲಿ ಸ್ಥಿರವಾದದ್ದಲ್ಲ. ತಾತನ ಹೆಸರು ಒಂದು ಕಡೆ "ಅಪ್ಪ" ಎಂದು ಮುಗಿದರೆ ಇನ್ನೊಂದು ಕಡೆ "ಅಯ್ಯ" ಎಂದು ಮುಗಿಯುತ್ತಿತ್ತು. ಒಂದು ಪತ್ರದಲ್ಲಿ ವೃತ್ತಿ "ಮಿಲ್ಲು ಕೂಲಿ", ಮತ್ತೊಂದರಲ್ಲಿ "ಜವಳಿ ವ್ಯಾಪಾರ". ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಆಧಾರ ಬೇಕಿತ್ತು.

ಹಳೆಯ ಪತ್ರಗಳ ಭಾಷೆಯೇ ಇಲ್ಲಿ ನೆರವಿಗೆ ಬಂತು. "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ಹೆಸರಿನ ಕೊನೆ ಬದಲಾದರೂ "ಬಿನ್" ಆದಮೇಲಿನ ಮುತ್ತಾತನ ಹೆಸರು, ಮಾಗಡಿ ತಾಲ್ಲೂಕಿನ ಊರು, ಎರಡೂ ಪತ್ರಗಳಲ್ಲಿ ಒಂದೇ ಆಗಿದ್ದವು. ಮನೆಯಲ್ಲೇ ಉಳಿದಿದ್ದ ಒಂದು ಮೂಲಪತ್ರವನ್ನೂ ಅಂಗಡಿಯ ಬಾಡಿಗೆ ಕರಾರನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಸಹಿಯ ಕೊನೆಯ ಒತ್ತಕ್ಷರದ ಬಾಲ ಎಡಕ್ಕೆ ಹೋಗಿ, ಕೆಳಗಿನಿಂದ ಸುತ್ತಿಕೊಂಡು, ಇಡೀ ಹೆಸರಿಗೆ ಅಡಿಗೆರೆಯಾಗಿ ನಿಂತಿತ್ತು. ಶಾಲೆಯಲ್ಲಿ ಕಲಿತ ಸಹಿ ಅದಲ್ಲ, ತಾನೇ ರೂಢಿಸಿಕೊಂಡದ್ದು. ಇನ್ನೊಬ್ಬನ ಕೈಯಲ್ಲಿ ಹಾಗೆ ಬರಲಾರದು.

ಅತ್ತೆಯ ಟ್ರಂಕಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ (ದಿನದ ಜಮಾಖರ್ಚಿನ) ಪುಸ್ತಕವೊಂದು ಸಿಕ್ಕಿದ್ದು ಈ ನಡುವೆ. ಮೊದಲ ಪುಟದ ನೆತ್ತಿಯಲ್ಲಿ "ಶ್ರೀ", ಅದರ ಕೆಳಗೆ "ಸರ್ವಧಾರಿ ನಾಮ ಸಂವತ್ಸರ, ಬಲಿಪಾಡ್ಯಮಿ". ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದು 1888 ಆಗಬೇಕು ಅಥವಾ 1948 ಆಗಬೇಕು. ತಾತನ ಕೈಬರಹವಾದ್ದರಿಂದ 1948ರ ನವೆಂಬರ್ ಮೊದಲ ವಾರ ಎಂಬುದರಲ್ಲಿ ಸಂಶಯವಿಲ್ಲ. ಅಂದರೆ ಅಂಗಡಿಯ ಲೆಕ್ಕ ಆರಂಭವಾದದ್ದು 1948ರಲ್ಲಿ. ಕಾರ್ಮಿಕರ ಭವಿಷ್ಯ ನಿಧಿ (ಪಿ.ಎಫ್.) ಕಾಯ್ದೆ ಬಂದದ್ದು 1952ರಲ್ಲಿ. ಅದಕ್ಕೂ ಮುಂಚೆ ಕೆಲವು ಕಂಪನಿಗಳು ತಮ್ಮದೇ ನಿಧಿ ಇಟ್ಟಿದ್ದುಂಟಾದ್ದರಿಂದ, ಇದೊಂದರಿಂದಲೇ ಮನೆಯ ಕಥೆ ಸುಳ್ಳೆಂದು ಹೇಳುವುದು ನ್ಯಾಯವಾಗುತ್ತಿರಲಿಲ್ಲ. ಆದರೆ ಅದೇ ಪುಸ್ತಕದ ಜಮಾ ಬದಿಯಲ್ಲಿ ತಿಂಗಳು ತಿಂಗಳೂ "ಮಿಲ್ಲಿನ ಬಟವಾಡೆ" ಎಂದು ಸಂಬಳ ಬರುತ್ತಲೇ ಇತ್ತು, 1957ರವರೆಗೆ. ಅಂಗಡಿ ಇಟ್ಟ ಮೇಲೂ ತಾತ ಮಿಲ್ಲು ಬಿಟ್ಟಿರಲಿಲ್ಲ!

ಹಾಗಾದರೆ ಅಂಗಡಿಯಲ್ಲಿ ಕೂರುತ್ತಿದ್ದವರು ಯಾರು? ಅತ್ತೆಯನ್ನು ಕೇಳಿದೆ. "ಅಮ್ಮನೇ ಕೂರ್ತಿದ್ಲು ಕಣಪ್ಪ. ಅವಳಿಗೆ ಬರೆಯೋಕೆ ಬರ್ತಿರಲಿಲ್ಲ, ಒಂದೊಂದು ತುಂಡು ಮಾರಿದಾಗಲೂ ದಾರಕ್ಕೆ ಒಂದು ಗಂಟು ಹಾಕೋಳು. ಅಪ್ಪ ಪಾಳಿ ಮುಗಿಸಿ ಬಂದು ಗಂಟು ಎಣಿಸಿ ಲೆಕ್ಕ ಬರೀತಿದ್ರು" ಎಂದರು. ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅವರೂ ಹೇಳಿರಲಿಲ್ಲ.

ಬಂಡವಾಳದ ಸುಳಿವೂ ಕಿರ್ದಿಯ ಮೊದಲ ಜಮಾದಲ್ಲೇ ಇತ್ತು: "ದೊಡ್ಡಬಳ್ಳಾಪುರದ ಮನೆ ಬಾಬ್ತು, ರೂ. 900." ದೊಡ್ಡಬಳ್ಳಾಪುರ ಅಜ್ಜಿಯ ತವರು. ಅಲ್ಲಿನ ಸೂಚಿಯಲ್ಲಿ ನಾನು ತಾತನ ಹೆಸರನ್ನು ಹುಡುಕಲಿಲ್ಲ, ಅಜ್ಜಿಯ ಹೆಸರನ್ನು ಹುಡುಕಿದೆ. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು. ತಾಯಿಯಿಂದ ತನಗೆ ಬಂದ ಮನೆಯನ್ನು ಅಜ್ಜಿ ಬಲಿಪಾಡ್ಯಮಿಗೆ ಆರು ವಾರ ಮುಂಚೆ 900 ರೂಪಾಯಿಗೆ ಭೋಗ್ಯಕ್ಕೆ ಹಾಕಿದ್ದ ಆಧಾರ (ಅಡಮಾನ) ಪತ್ರ. ಬರೆದುಕೊಟ್ಟವರ ಜಾಗದಲ್ಲಿ ಅಜ್ಜಿಯ ಹೆಸರು, "ಕೋಂ" ಎಂದು ತಾತನ ಹೆಸರು. ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿದ್ದಾರೆಂದು ನಕಲಿನಲ್ಲಿ ಬರೆದಿತ್ತು. ಆ ಕಾಲದಲ್ಲಿ ಹೆಂಗಸಿನ ಹೆಸರಿಗೆ ಮನೆ ಹೇಗೆ ಎಂದು ನನ್ನ ತಮ್ಮ ಕೇಳಿದ. 1956ರ ಉತ್ತರಾಧಿಕಾರ ಕಾಯ್ದೆಗೆ ಬಹಳ ಮುಂಚೆ, 1933ರಲ್ಲೇ, ಮೈಸೂರು ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಬಗ್ಗೆ ಕಾನೂನು ಬಂದು ಸ್ತ್ರೀಧನದ ಹಕ್ಕುಗಳನ್ನು ಗೊತ್ತುಪಡಿಸಿತ್ತು. ನಮ್ಮ ಅಂಗಡಿಯ ಅಡಿಗಲ್ಲು ತಾತನ ಪಿ.ಎಫ್. ಅಲ್ಲ, ಅಜ್ಜಿಯ ತಾಯಿಯ ಮನೆ. 1957ರಲ್ಲಿ ಮಿಲ್ಲಿನಿಂದ ಬಂದ ಹಣದ ಗಂಟು ಪವರ್‌ಲೂಮ್‌ಗಳಿಗೆ ಹೋಯಿತೆಂಬುದು ಕಿರ್ದಿಯ ಖರ್ಚಿನ ಬದಿಯಲ್ಲಿದೆ. ಮನೆಯವರು ಹೇಳುತ್ತಿದ್ದುದು ಪೂರ್ತಿ ಸುಳ್ಳಾಗಿರಲಿಲ್ಲ, ಎರಡು ಸಂಗತಿಗಳು ಕಲೆತುಹೋಗಿದ್ದವು, ಹಾಗೆ ಕಲೆಯುವಾಗ ಅಜ್ಜಿ ಬಿಟ್ಟುಹೋಗಿದ್ದರು.

ಮುತ್ತಾತನಿಗಿಂತ ಹಿಂದಿನವರಿಗಾಗಿ ಮಾಗಡಿಯ ಕಡೆಯ ಊರಿಗೆ ಹೋದೆ. ಸುಗ್ಗಿ ಮುಗಿದ ಮೇಲೆ ಒಕ್ಕಲುಗಳ ಮನೆಗೆ ಬಂದು ವಂಶಾವಳಿ ಹಾಡಿ, ಕಾಳು ಪಡೆದು ಹೋಗುವ ಹೆಳವರು ಆ ಭಾಗಕ್ಕೆ ಈಗಲೂ ಬರುತ್ತಾರೆಂದು ದಾಯಾದಿಗಳು ಹೇಳಿದ್ದರಿಂದ, ಆ ದಿನಗಳಲ್ಲೇ ಹೋಗಿ ಕಾದೆ. ಬಂದ ಹಿರಿಯರು ಮನೆದೇವರ ಹೆಸರು ಕೇಳಿಕೊಂಡು, ಪುಸ್ತಕ ತೆರೆದು, ಮುತ್ತಾತನಿಂದ ಮೇಲಕ್ಕೆ ಐದು ತಲೆಮಾರುಗಳನ್ನು ನಿಲ್ಲಿಸದೆ ಓದಿದರು. ಮುತ್ತಾತನ ಹೆಸರೂ ಊರೂ ನೋಂದಣಿ ಪತ್ರದೊಡನೆ ಸರಿಹೊಂದಿದವು, ಅದಕ್ಕಿಂತ ಮೇಲಿನದನ್ನು ನಾನು ವಂಶವೃಕ್ಷದಲ್ಲಿ "ಹೆಳವರ ಹೇಳಿಕೆ" ಎಂದೇ ಬೇರೆ ಶಾಯಿಯಲ್ಲಿ ಬರೆದಿದ್ದೇನೆ. ಅವರು ಓದಿದ್ದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ತಾತನ ಸಾಲಿನಲ್ಲಿ ಅಜ್ಜಿಯ ಹೆಸರನ್ನೂ ಸೇರಿಸಬೇಕೆಂದು ಕೇಳಿಕೊಂಡಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ತವರು ಯಾವುದು ಸ್ವಾಮಿ?" ಎಂದು ಕೇಳಿ, ಪುಟದ ಅಂಚಿನಲ್ಲಿ ದೊಡ್ಡಬಳ್ಳಾಪುರ ಎಂದು ಬರೆದುಕೊಂಡರು.

ಆಧಾರ ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ಮನೆಯ ನಾಲ್ಕು ಎಲ್ಲೆಗಳ ವಿವರದಲ್ಲಿ, ಉತ್ತರಕ್ಕೆ ಅಜ್ಜಿಯ ಸೋದರಮಾವನ ಮಗ್ಗದ ಮನೆ ಎಂದಿದೆ. ಈಗ ಆ ಮನೆಯ ಪತ್ರಗಳನ್ನು ಹುಡುಕುತ್ತಿದ್ದೇನೆ.